ಏಳನೆಯ ಮೆಟ್ಟಿಲು

ಆ ಮನೆಗೆ ಐದೇ ಮೆಟ್ಟಿಲು ಎಂದು ಸೌಮು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದಳು. ಜಗಲಿಯಿಂದ ಐದು ಇಳಿದರೆ ಮರಳು, ಮರಳು ದಾಟಿದರೆ ಕಡಲು. ಆರನೆಯದು ಕಳೆದ ರಂಜಾನಿನಲ್ಲಿ ಹೊರಬಿತ್ತು. ಕಟ್ಟಿದ ಗಾರೆಯವನು ಮರಳಿನೊಳಗೆ ಒಂದು ಹೆಚ್ಚಿಗೆ ಇಟ್ಟಿದ್ದಾನೆ, ಇರಲಿ ಬಿಡು ಎಂದು ಅದನ್ನೂ ಉಜ್ಜಿ ತೊಳೆದಿದ್ದಳು. ಆಗಸ್ಟ್ ತಿಂಗಳ ಆ ಸೋಮವಾರ ಬೆಳಿಗ್ಗೆ ಏಳನೆಯದು ಕಂಡಿತು. ಗಾರೆ ಕಾಣದ ಒರಟು ಹವಳದ ಕಲ್ಲು. ಅದರ ಅಡಿಗೆ ಕೈ ತೂರಿಸಿದಳು. ಮೊಣಕೈವರೆಗೂ ಹೋಯಿತು, ಏನೂ ತಾಗಲಿಲ್ಲ.

ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ತೆಂಕಣ ಗಾಳಿ ತೆಂಗಿನ ಗರಿಯ ಮಾಡನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಹಿಂದಿನ ದಿನ ಬಂದ ಫೋನು ಇನ್ನೂ ಕಿವಿಯಲ್ಲೇ ಕೂತಿತ್ತು. ಮನೆಯ ಒಡತಿ ಅಪೊಂಡಿ ನೈರೋಬಿಯಲ್ಲಿ ಹಲ್ಲಿನ ಡಾಕ್ಟರು. ರಜೆ ಕಳೆಯಲು ಬರುವವರಿಗೆ ವಾರ, ಹದಿನೈದು ದಿನಕ್ಕೆ ಮನೆ ಬಾಡಿಗೆಗೆ ಕೊಡುತ್ತಿದ್ದರು. ಬಂದವರನ್ನು, ಮನೆಯನ್ನು, ಮುಂದಿನ ದಂಡೆಯನ್ನು ನೋಡಿಕೊಳ್ಳುವವಳು ಸೌಮು. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಎರಡು ಕೋಣೆಯೇ ಅವಳಿಗೆ ಮನೆ.

“ಹೋದ ಸಲ ಬಂದವರು ಏನು ಬರೆದಿದ್ದಾರೆ ಗೊತ್ತಾ ಸೌಮು? ದಂಡೆ ಅನ್ನೋದೇ ಇಲ್ಲ, ಇರೋ ಚೂರಿನಲ್ಲೂ ಸಂಜೆ ಹೊತ್ತಿಗೆ ಕೊಳೆತ ಹುಲ್ಲಿನ ನಾತ ಅಂತ,” ಎಂದಿದ್ದರು ಡಾಕ್ಟರಮ್ಮ. “ಶನಿವಾರ ಎಂಟು ಜನ ಬರ್ತಿದಾರೆ. ನಾನು ಗುರುವಾರವೇ ಬಂದು ನೋಡ್ತೀನಿ. ಹೀಗೇ ಇದ್ರೆ ಪಕ್ಕದ ಹೋಟೆಲಿನವರಿಗೆ ಮಾರಿ ಕೈ ತೊಳ್ಕೊಳ್ಳೋದೇ. ಅವರು ಕೇಳ್ತಾನೇ ಇದಾರೆ.”

“ದಂಡೆ ನನಗೆ ಬಿಡಿ ಡಾಕ್ಟರಮ್ಮ. ಒಂದು ಎಳೆ ಹುಲ್ಲು ಇರಲ್ಲ,” ಎಂದಿದ್ದಳು ಸೌಮು.

ಹೋಟೆಲಿನವರಿಗೆ ಅವರದೇ ಆಳುಗಳಿದ್ದಾರೆ. ಐವತ್ತೆರಡು ದಾಟಿದ ಸೌಮು ಅವರಿಗೆ ಯಾವ ಮೂಲೆಗೆ ಬೇಕು.

ಅದಕ್ಕೇ ಕಬ್ಬಿಣದ ಹಲ್ಲಿನ ಬಾಚುಗೋಲು ಹಿಡಿದು ಇಳಿದಳು. ರಾತ್ರಿಯ ಉಬ್ಬರ ಕಂದು ಕಡಲಹುಲ್ಲನ್ನು ತಂದು ಒಂದು ಗೆರೆ ಎಳೆದು ಹೋಗಿತ್ತು. ಕರ್ರಕರ್ರ ಎಂದು ಎಳೆದು, ಗುಡ್ಡೆ ಮಾಡಿ, ಬುಟ್ಟಿ ತುಂಬಿ, ಹಿತ್ತಲಿನ ತೆಂಗಿನಬುಡದ ಗುಂಡಿಗೆ ಸುರಿಯುವುದು. ಹತ್ತೊಂಬತ್ತು ವರ್ಷದಲ್ಲಿ ಹಬ್ಬದ ದಿನವೂ ತಪ್ಪಿದ್ದಿಲ್ಲ. ಅದು ಹೆಂಗಸರು ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸುವ ಊರು. ಗುಡಿಸದ ಅಂಗಳ ಕಂಡರೆ ಒಳಗೆ ಯಾರಿಗೋ ಏನೋ ಆಗಿದೆ ಎಂದು ನೆರೆಯವರು ಬಂದು ಬಾಗಿಲು ತಟ್ಟುತ್ತಾರೆ. ಸೌಮುವಿಗೆ ಆ ದಂಡೆಯೇ ಅಂಗಳ. ಬಾಚುಗೋಲಿನ ಗೆರೆಗಳು ಅತಿಥಿಗಳು ಏಳುವ ಹೊತ್ತಿಗೆ ಹೊಸ ಚಾಪೆಯ ಹಾಗೆ ಬಿದ್ದಿರಬೇಕು.

ಎಂಟು ಗಂಟೆಯ ಇಳಿತಕ್ಕೆ ನಾದಿನಿ ನಿಮ್ವಾಕ ಬಂದಳು. ಹೆಗಲಿಗೆ ಕಬ್ಬಿಣದ ಸರಳು, ಸೊಂಟಕ್ಕೆ ಚೀಲ. ನೀರು ಇಳಿದಾಗ ಹವಳದ ಬಂಡೆಗಳ ಸಂದಿಯಿಂದ ಆಕ್ಟೋಪಸ್ ಎಬ್ಬಿಸಿ ಹಿಡಿಯುವುದು ಅವಳ ಕಸುಬು. ಮೈಗೆ ಸುತ್ತಿದ ಲೇಸೊ ಬಟ್ಟೆಯ ಅಂಚಿನಲ್ಲಿ ‘ನಿನ್ನ ಮನೆ ಗುಡಿಸು, ನನ್ನ ದಾರಿ ಬಿಡು’ ಎಂದು ಅಚ್ಚು ಹಾಕಿತ್ತು. ಆ ಕಡೆಯ ಹೆಂಗಸರು ಬಾಯಲ್ಲಿ ಆಡಲಾರದ್ದನ್ನು ಬಟ್ಟೆಯಲ್ಲಿ ಉಡುತ್ತಾರೆ. ನಿಮ್ವಾಕ ಬಾಯಲ್ಲೂ ಆಡುವವಳು.

“ಬಾಚು ಅತ್ತಿಗೆ, ಬಾಚು. ಕಡಲಮ್ಮನಿಗೆ ಗಂಡು ಗೊತ್ತಾಗಿರಬೇಕು. ಜಡೆನೂ ಹಾಕಿಬಿಡು.”

“ನಿನ್ನ ಕೆಲಸಕ್ಕೆ ಹೋಗು. ಅದಕ್ಕೆ ಎಂಟು ಕೈ, ನಿನಗೆ ಎಂಟು ನಾಲಿಗೆ. ಒಳ್ಳೇ ಜೋಡಿ.”

ನಿಮ್ವಾಕ ಏಳನೆಯ ಮೆಟ್ಟಿಲನ್ನು ಸರಳಿನಿಂದ ತಟ್ಟಿದಳು. “ಇದು ಯಾವಾಗ ಹುಟ್ಟಿತು?”

“ಇವತ್ತು. ಕಡಲು ತಿಂತಿದೆ, ನಾನೇನು ಮಾಡ್ಲಿ.”

“ಕಡಲಿಗೆ ನಿನ್ನ ಮನೆ ಮುಂದೆ ಮಾತ್ರ ಹಸಿವೋ?” ನಿಮ್ವಾಕ ನಗಲಿಲ್ಲ. “ಬೀಗದ ಮನೆ ಮುಂದೆ ಹೋಗಿ ನೋಡು. ಚೀಲ ಹೊತ್ತು ಇಲ್ಲಿ ಹತ್ತೋಕೆ ನನಗೆ ಮೊಣಕಾಲು ಸಾಯುತ್ತೆ. ಅಲ್ಲಿ ನಡಕೊಂಡೇ ಮೇಲೆ ಬರ್ತೀನಿ. ಮೂರು ವರ್ಷದಿಂದ ಹೇಳ್ತಾ ಇದೀನಿ, ನಿನಗೆ ಬಟ್ಟೆ ಓದೋಕೂ ಪುರುಸೊತ್ತಿಲ್ಲ.”

ಬೀಗದ ಮನೆ ಅಲ್ಲಿಂದ ಎರಡು ಹಿತ್ತಲು ಆಚೆ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ ಹನ್ನೊಂದು ವರ್ಷವಾಯಿತು. ಕಿಟಕಿಗಳು ಉದುರಿವೆ, ಕಾವಲಿನವನೂ ಇಲ್ಲ. ಅದರ ಮುಂದಿನ ದಂಡೆ ಕಂಡರೆ ಸೌಮುವಿಗೆ ಹೇಸಿಗೆ, ದಾಟುವಾಗ ಮುಖ ತಿರುಗಿಸುತ್ತಿದ್ದಳು. ಆ ದಿನ ಬಾಚುಗೋಲು ಊರಿಕೊಂಡು ಹೋದಳು.

ಹುಲ್ಲಿನ ಮೇಲೆ ಹುಲ್ಲು ಬಿದ್ದು, ಒಣಗಿ, ಕಪ್ಪಾಗಿ, ಅದರ ಮೇಲೆ ಮರಳು ಕೂತು, ಮತ್ತೆ ಹುಲ್ಲು. ಅಡುಂಬು ಬಳ್ಳಿ ಹಬ್ಬಿ ಊದಾ ಹೂ ಬಿಟ್ಟಿತ್ತು. ಬಾಚುಗೋಲನ್ನು ನೆಟ್ಟಗೆ ನಿಲ್ಲಿಸಿ ಎತ್ತರ ಅಳೆದಳು. ತನ್ನ ದಂಡೆಗಿಂತ ಇಲ್ಲಿಯ ಮರಳು ಅವಳ ಸೊಂಟದಷ್ಟು ಮೇಲಿತ್ತು. ಆ ಮನೆಗೂ ಮೆಟ್ಟಿಲುಗಳಿದ್ದವು. ಎಣಿಸಿದಳು. ಮೂರು. ಉಳಿದವು ಮರಳಿನೊಳಗೆ ಬೆಚ್ಚಗೆ ಮಲಗಿದ್ದವು.

ಅದೇ ಗಾಳಿ, ಅದೇ ಕಡಲು. ವ್ಯತ್ಯಾಸವೆಂದರೆ ಅಲ್ಲಿ ಸೌಮು ಇರಲಿಲ್ಲ.

ದಿನಕ್ಕೆ ಎಂಟು ಬುಟ್ಟಿ ಹುಲ್ಲು ಅಂದುಕೊಂಡು ಹೊತ್ತಿದ್ದಳಲ್ಲ, ಅದರ ಭಾರ ಹುಲ್ಲಿನದ್ದೇ ಆಗಿತ್ತೇ? ಹಿತ್ತಲಿಗೆ ಓಡಿ ತೆಂಗಿನಬುಡದ ಗುಂಡಿ ಕೆದಕಿದಳು. ಹುಲ್ಲು ಯಾವಾಗಲೋ ಕೊಳೆತು ಹೋಗಿತ್ತು. ಉಳಿದದ್ದು ಬೆಳ್ಳನೆಯ ಮರಳು, ಗುಂಡಿಯ ತುಂಬ.

ಮಂಗಳವಾರ ಅವಳು ಬಾಚಲಿಲ್ಲ. ಎದ್ದವಳು ಬಾಚುಗೋಲು ಹಿಡಿದಳು, ಇಟ್ಟಳು, ಮತ್ತೆ ಹಿಡಿದಳು. ಕೈ ಸುಮ್ಮನಿರಲೊಲ್ಲದು. ಹಿತ್ತಲು ಮೂರು ಸಲ ಗುಡಿಸಿದಳು, ತೊಳೆದ ಪಾತ್ರೆಯನ್ನೇ ತೊಳೆದಳು. ಚಹಾಕ್ಕೆ ಇಟ್ಟ ನೀರು ಬತ್ತಿಹೋಯಿತು. ಹನ್ನೆರಡರ ಬಿಸಿಲಿಗೆ ಹುಲ್ಲು ನಾರತೊಡಗಿತು. ದಂಡೆಯಲ್ಲಿ ಮರದ ಗೊಂಬೆ ಮಾರುವ ಕಾರಿಸಾ ನಿಂತು ಕರೆದ.

“ಅಕ್ಕಾ, ಮೈಗೆ ಹುಷಾರಿಲ್ವಾ?”

“ಹುಷಾರಾಗಿದೀನಿ.”

“ಮತ್ತೆ ಮನೇಲಿ ಯಾರಿಗಾದ್ರೂ...?”

“ಯಾರೂ ಸತ್ತಿಲ್ಲ ಕಣಪ್ಪ, ಹೋಗು.”

ಬುಧವಾರ ಇನ್ನೂ ಮೂವರು ಕೇಳಿದರು. ಒಬ್ಬಳು ತೆಂಗಿನಹಾಲಿನ ತೊಗರಿಕಾಳು ಬೇಯಿಸಿಯೇ ತಂದಿದ್ದಳು. ಸೌಮು ಅದನ್ನು ಇಸಿದುಕೊಂಡು, ಅವಳು ಕಣ್ಮರೆಯಾದ ಮೇಲೆ, ಗುಂಡಿಯ ಮರಳನ್ನು ಬುಟ್ಟಿಯಲ್ಲಿ ತುಂಬಿ ಏಳನೆಯ ಮೆಟ್ಟಿಲಿನ ಅಡಿಗೆ ಸುರಿಯತೊಡಗಿದಳು. ನಿಮ್ವಾಕ ಬಂದವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸರಳು ಗೋಡೆಗೆ ಒರಗಿಸಿ, ಏನೂ ಅನ್ನದೆ ಇನ್ನೊಂದು ಬುಟ್ಟಿ ಎತ್ತಿಕೊಂಡಳು.

ನಾಲ್ಕನೆಯ ಬುಟ್ಟಿಯ ಹೊತ್ತಿಗೆ ಅವಳಿಗೆ ಬಾಯಿ ಬಂತು. “ಕದ್ದ ಮಾಲು ವಾಪಸು ಕೊಡೋ ಕಳ್ಳೀನ ಇವತ್ತೇ ನೋಡಿದ್ದು.”

“ಡಾಕ್ಟರಮ್ಮನಿಗೆ ಏನು ಹೇಳ್ಲಿ ನಿಮ್ವಾಕ?”

“ಕಡಲು ತಿಂತು ಅನ್ನು. ಅದೇನು ಬಂದು ಸಾಕ್ಷಿ ಹೇಳಲ್ಲ.”

ಗುರುವಾರ ಅಮಾವಾಸ್ಯೆ. ದೊಡ್ಡ ಉಬ್ಬರದ ದಿನ. ಮಧ್ಯಾಹ್ನ ಬಂದ ಅಪೊಂಡಿ ಡಾಕ್ಟರಮ್ಮ ಜಗಲಿಯಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದರು. ಕೆಳಗೆ ಮೊಣಕಾಲುದ್ದದ ಹುಲ್ಲಿನ ಗುಡ್ಡೆ, ಅದರ ಮೇಲೆ ಮುಸುರುವ ಸಣ್ಣ ನೊಣ.

“ಒಂದು ಎಳೆ ಇರಲ್ಲ ಅಂದಿದ್ದೆ ನೀನು.”

“ಅಂದಿದ್ದೆ.” ಸೌಮುವಿನ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು. ಕಡಲು ತಿಂತು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಅಂದರೆ ಸಾಕಿತ್ತು, ಎಲ್ಲರೂ ಅದನ್ನೇ ಅನ್ನುತ್ತಿದ್ದರು. “ಡಾಕ್ಟರಮ್ಮ, ಈ ದಂಡೆ ಕಡಲು ತಿಂದಿದ್ದಲ್ಲ. ನಾನು ತಿಂದಿದ್ದು.”

“ಏನು?”

“ಐದು ವರ್ಷದ ಕೆಳಗೆ ನನ್ನ ಬಾಯಿ ನೋಡಿ ಏನಂದಿದ್ರಿ? ಇದ್ದಿಲಪುಡಿ ಹಾಕಿ ಗಸಗಸ ಉಜ್ಜಿ ಒಸಡು ಸವೆಸಿಕೊಂಡಿದೀಯ, ಬೇರು ಹೊರಗೆ ಬಂದಿದೆ ಅಂದಿದ್ರಿ. ಹಲ್ಲು ಬೆಳ್ಳಗಿದೆ ಅಂತ ನಾನು ಮೆರೀತಿದ್ದೆ. ಬನ್ನಿ, ಬೇರು ತೋರಿಸ್ತೀನಿ.”

ಡಾಕ್ಟರಮ್ಮ ಚಪ್ಪಲಿ ಬಿಟ್ಟು ಇಳಿದರು. ಮಂಡಿಯೂರಿ ಏಳನೆಯ ಮೆಟ್ಟಿಲಿನ ಸಂದಿಗೆ ಬೆರಳು ಹಾಕಿ, ಯಾರದೋ ಬಾಯಿಯೊಳಗೆ ತಡಕುವಂತೆ ನಿಧಾನವಾಗಿ ತಡಕಿದರು. ಬೀಗದ ಮನೆಯ ಮುಂದೆಯೂ ಹೋಗಿ ನಿಂತರು. ಅಡುಂಬಿನ ಹೂವನ್ನು ಕಾಲಿನಿಂದ ಸರಿಸಿ ನೋಡಿದರು. ಸೌಮು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದಳು.

“ಹೋಟೆಲಿನವರು ಕಡಲಿಗೆ ಅಡ್ಡ ಕಟ್ಟಿದ ಗೋಡೆನೂ ಇದೆ. ಅಲೆ ತಡೆಯೋ ಹವಳ ಸಾಯ್ತಿದೆ ಅಂತಾನೂ ಹೇಳ್ತಾರೆ,” ಎಂದರು ಕೊನೆಗೆ. “ಎಲ್ಲಾ ನೀನೊಬ್ಬಳೇ ತಿಂದಿರಲಾರೆ.”

“ಅವರವರ ಪಾಲು ಅವರವರು ಹೇಳ್ಲಿ. ನನ್ನ ಪಾಲು ನಾನು ಹೇಳ್ದೆ.”

“ಬಾಚು ಅಂತ ಹೇಳಿದವಳು ನಾನು.” ಡಾಕ್ಟರಮ್ಮ ಫೋನು ತೆಗೆದರು. “ಆದ್ರೆ ಬರೋರು ಮರಳು ನೋಡೋಕೆ ಬರ್ತಾರೆ ಸೌಮು. ಹುಲ್ಲು ನೋಡೋಕಲ್ಲ.”

ಅವರು ದೂರ ಹೋಗಿ ಮಾತಾಡಿದರು. ಗಾಳಿಗೆ ಸೌಮುವಿಗೆ ಏನೂ ಕೇಳಿಸಲಿಲ್ಲ. ಕೈ ಬೀಸುವುದಷ್ಟೇ ಕಂಡಿತು. ತಿರುಗಿ ಬಂದಾಗ ಮುಖ ಬಿಗಿದಿತ್ತು.

“ಇದ್ದದ್ದು ಇದ್ದ ಹಾಗೆ ಹೇಳ್ದೆ. ಶನಿವಾರದವರು ಬರಲ್ಲ.”

ಡಾಕ್ಟರಮ್ಮ ಫೋನು ಒಳಗಿಟ್ಟರು.

“ಮುಂದಿನ ಅಮಾವಾಸ್ಯೆ ತನಕ ಕಾಯ್ತೀನಿ. ಎಂಟನೇ ಮೆಟ್ಟಿಲು ಕಂಡ್ರೆ ಹೋಟೆಲಿನವರಿಗೆ ಕೊಡೋದೇ. ಆಮೇಲೆ ನನ್ನ ಬೈಬೇಡ.”

“ಎಂಟನೇದು ಇದೆಯಾ ಡಾಕ್ಟರಮ್ಮ?”

“ನನಗೇನು ಗೊತ್ತು. ನಾನೂ ಐದೇ ಅಂದುಕೊಂಡಿದ್ದೆ.”

ನಾಲ್ಕು ಗಂಟೆಗೆ ನೀರು ಏರಿತು. ಇಬ್ಬರೂ ಜಗಲಿಯಲ್ಲಿ ಕೂತರು. ಸೌಮು ಕೂತಲ್ಲಿ ಕೂರಲಿಲ್ಲ, ಕಂಬ ಹಿಡಿದು ಬಗ್ಗಿ ಬಗ್ಗಿ ನೋಡಿದಳು. ಮೊದಲ ದೊಡ್ಡ ಅಲೆ ಗುಡ್ಡೆಯನ್ನು ಗುದ್ದಿತು. ಹುಲ್ಲು ಎದ್ದಿತು, ತೇಲಿತು, ಅರ್ಧ ಹೋಯಿತು. ಎರಡನೆಯದು ಹೋದ ಅರ್ಧವನ್ನು ತಂದು ಮೆಟ್ಟಿಲಿನ ಮೇಲೆ ಎಸೆಯಿತು. ಬುಧವಾರ ಸುರಿದ ಬುಟ್ಟಿಗಳಲ್ಲಿ ಎಷ್ಟು ಕರಗಿತೋ ಹೇಳಬಲ್ಲವರು ಯಾರು. ನೀರು ಆರನೆಯ ಮೆಟ್ಟಿಲನ್ನು ನೆಕ್ಕಿ, ಐದನೆಯದರ ಅಂಚಿಗೆ ಬಂದು, ಅಲ್ಲೇ ಒಂದು ಗಳಿಗೆ ಯೋಚಿಸಿ ಇಳಿಯತೊಡಗಿತು.

ಮರುದಿನ ಡಾಕ್ಟರಮ್ಮ ಮೊಂಬಾಸಾದ ಮೊದಲ ಬಸ್ಸಿಗೆ ಹೊರಟುಹೋದ ಮೇಲೆ ಸೌಮು ಕೆಳಗಿಳಿದಳು. ಏಳನೆಯ ಮೆಟ್ಟಿಲು ಒದ್ದೆ ಹುಲ್ಲಿನಡಿ ಮುಚ್ಚಿತ್ತು. ಅದೇ ಕೊನೆಯದೋ, ಅದರ ಕೆಳಗೆ ಎಂಟನೆಯದೂ ಬಾಯಿ ತೆರೆದಿದೆಯೋ, ಹುಲ್ಲು ಸರಿಸದೆ ಗೊತ್ತಾಗುವಂತಿರಲಿಲ್ಲ. ಒಂದು ಹಿಡಿ ಎತ್ತಿದಳು. ಹುಲ್ಲಿಗಿಂತ ಭಾರವಿತ್ತು. ಎಳೆ ಎಳೆಯ ನಡುವೆ ಬಿಳಿ ಮರಳು ಸಿಕ್ಕಿಕೊಂಡಿತ್ತು, ಬೆರಳ ಸಂದಿಯಿಂದ ಸಣ್ಣಗೆ ಸುರಿಯಿತು.

ಕಾಲು ತಾನಾಗಿಯೇ ಹಿತ್ತಲಿನ ಗುಂಡಿಯ ಕಡೆಗೆ ಎರಡು ಹೆಜ್ಜೆ ಇಟ್ಟಿತ್ತು. ಬಂಡೆಗಳ ಕಡೆ ಹೊರಟಿದ್ದ ನಿಮ್ವಾಕ ಹಿಂದಿನಿಂದ ಕೆಮ್ಮಿದಳು.

ಸೌಮು ಹಿಂದಿರುಗಿ, ಆ ಹಿಡಿಯನ್ನು ಎತ್ತಿದ ಜಾಗದಲ್ಲೇ ಇಟ್ಟು, ಅಂಗೈಯಿಂದ ಒಮ್ಮೆ ಒತ್ತಿದಳು.