ಒಂಬತ್ತನೇ ಮಹಡಿಯ ಗಾಜು

"ತಿರುಗು, ತಿರುಗು! ಗಾಳಿಗೆ ಅಂಚು ತೋರ್ಸು, ಮುಖ ತೋರಿಸ್ಬೇಡ!" ಮುಂದಿನಿಂದ ಭಾವ ಕೂಗಿದರು.

ತಿರುಗಿದೆ. ಆರಡಿ ಉದ್ದ, ನಾಲ್ಕಡಿ ಎತ್ತರದ ಗಾಜು ನಮ್ಮಿಬ್ಬರ ನಡುವೆ ಒಮ್ಮೆ ನಡುಗಿ, ಗಾಳಿಯನ್ನು ಸೀಳಿಕೊಂಡು ನಿಂತಿತು. ಹೊರುವ ಪಟ್ಟಿ ಅಂಗೈ ಕೊರೆಯುತ್ತಿತ್ತು.

"ನಾನು ಬಟ್ಟೆ ಕತ್ತರಿಸೋಳು ಭಾವ. ಬಟ್ಟೆ ಆದ್ರೆ ಹೇಳಿದ ಮಾತು ಕೇಳತ್ತೆ."

"ಹಂಗಾದ್ರೆ ನಿಮ್ಮಕ್ಕನಿಗೆ ಒಂದು ಪರದೆ ಹೊಲಿದುಕೊಡು, ಹೋಗು."

ಅಕ್ಕ ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿದ್ದಳು, ಪಕ್ಕದಲ್ಲಿ ಎರಡು ದಿನದ ಮಗು. ಬೆಳಿಗ್ಗೆ ಬಿರುಗಾಳಿ ಅವರ ಕಿಟಕಿ ಒಡೆದಿತ್ತು. ಬೇರೆ ಕೋಣೆ ಖಾಲಿಯಿರಲಿಲ್ಲ. ರಟ್ಟು ಬಿಗಿದರೂ ಮಳೆ ಒಳಗೇ ಬರುತ್ತಿತ್ತು. ಭಾವನ ಗಾಜಿನ ಅಂಗಡಿಯ ಬೀದಿಗೆ ಅಡ್ಡಲಾಗಿ ಮರ ಬಿದ್ದು ವ್ಯಾನು ಸಿಕ್ಕಿಕೊಂಡಿತ್ತು, ಅವರ ಜೊತೆಗಾರನಿಗೆ ಜ್ವರ. ಉಳಿದವಳು ನಾನು.

ಭಾವ ಇನ್ನೂ ಮಗುವನ್ನು ಎತ್ತಿರಲಿಲ್ಲ. ಎರಡು ದಿನದಿಂದ ಊರೆಲ್ಲ ಒಡೆದ ಕಿಟಕಿಗಳೇ, ಅವರಿಗೆ ಕೆಲಸದ ಬಟ್ಟೆ ಬಿಚ್ಚಲೂ ಬಿಡುವಿರಲಿಲ್ಲ. ಗಾಜಿನ ಕೆಲಸದ ಬಟ್ಟೆಯಲ್ಲಿ ಅವರು ಮನೆಯ ಯಾರನ್ನೂ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಕಾಣದ ಚೂರು ತೋಳಿನ ಮಡಿಕೆಯಲ್ಲಿ ಕೂತಿರುತ್ತದಂತೆ. ಮದುವೆಯಾದ ಹೊಸದರಲ್ಲಿ ಅಕ್ಕ ಅದನ್ನು ಬಿಂಕ ಅಂದುಕೊಂಡಿದ್ದಳು.

ನಾನು ಗಾಜಿನ ಮೂಲಕ ನೋಡುತ್ತ ನಡೆದೆ. ಆಚೆ ಬದಿಯಲ್ಲಿ ನಗರ ಕರಗಿ ಹರಿಯುತ್ತಿತ್ತು. ನಲವತ್ತು ಮಹಡಿಯ ಕಟ್ಟಡವೊಂದು ಮಳೆನೀರಿನ ಜೊತೆ ಜಾರುತ್ತ ಬಂದು ಕೆಳ ಅಂಚಿನಿಂದ ತೊಟ್ಟಿಕ್ಕಿತು. ಗೋಪುರವೊಂದರ ತುದಿಗೆ ಮೋಡ ಸಿಕ್ಕಿಕೊಂಡಿತ್ತು. ನೂರಾರು ಕೊಡೆಗಳು ಒಂದೇ ಕಡೆಗೆ ವಾಲಿ ಸಾಗಿದ್ದವು. ಹತ್ತು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದ ಬೀದಿ ಇದೇನಾ?

"ಬಾಯಿ ಮುಚ್ಕೊಂಡು ನಡಿ, ಮಳೆ ಒಳಗೆ ಹೋಗತ್ತೆ," ಎಂದರು ಭಾವ.

ಆಸ್ಪತ್ರೆಗೆ ಹೋಗುವ ಸೇತುವೆಯ ನಡುಮಧ್ಯೆ ಗಾಜು ಹಾಡತೊಡಗಿತು. ಮೊದಲು ಅಂಗೈಗೆ ಗೊತ್ತಾಯಿತು, ಆಮೇಲೆ ಹಲ್ಲಿಗೆ, ಕೊನೆಗೆ ಕಿವಿಗೆ. ಗಾಳಿ ನದಿಯಗುಂಟ ಬಂದು ಸೇತುವೆಗೆ ಅಡ್ಡಲಾಗಿ ಬಡಿಯುತ್ತಿತ್ತು. ಅದಕ್ಕೆ ಅಂಚು ತೋರಿಸಿ ನಿಂತರೆ ಮುಂದೆ ಹೆಜ್ಜೆ ಇಡುವಂತಿಲ್ಲ; ಹೆಜ್ಜೆ ಇಟ್ಟರೆ ಗಾಜಿನ ಮುಖವೆಲ್ಲ ಗಾಳಿಯ ಪಾಲು. ಅಡ್ಡಡ್ಡ ನಿಂತೇ ಇದ್ದೆವು. ಭಾವನ ಕೈ ಮಾತ್ರ ಅಲುಗಲಿಲ್ಲ.

ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು. ಡ್ರೈವರು ಕಿಟಕಿ ಸರಿಸಿದ.

"ಎಲ್ಲಿಗ್ರೀ ಈ ಗಾಳೀಲಿ?"

"ಹೆರಿಗೆ ವಾರ್ಡಿಗೆ!" ಎಂದು ಕಿರುಚಿದೆ.

"ಯಾರಿಗೆ ಹೆರಿಗೆ, ಗಾಜಿಗಾ?"

"ಕಿಟಕಿ ಒಡೆದಿದೆ. ನನ್ನ ಮಗು ಅಲ್ಲಿದೆ," ಎಂದರು ಭಾವ.

ಡ್ರೈವರು ನಗು ನಿಲ್ಲಿಸಿದ. "ನನ್ನ ಬಸ್ಸಿಗೆ ಅಂಟ್ಕೊಂಡು ನಡೀರಿ."

ಬಸ್ಸು ನಮ್ಮ ನಡಿಗೆಯ ವೇಗದಲ್ಲಿ ಉರುಳಿತು. ಅದರ ಮರೆಯಲ್ಲಿ ಗಾಳಿ ತಟ್ಟನೆ ಇಲ್ಲವಾಯಿತು. ಗಾಜು ಹಾಡು ನಿಲ್ಲಿಸಿತು. ಹಿಂದೆ ಸೇತುವೆಯುದ್ದಕ್ಕೂ ಸಾಲುಗಟ್ಟಿದ ವಾಹನಗಳ ದೀಪಗಳು. ಒಂದೂ ಹಾರ್ನ್ ಕೇಳಿಸಲಿಲ್ಲ. ಮೇಲೆ, ಬಸ್ಸಿನ ಮಂಜುಗಟ್ಟಿದ ಕಿಟಕಿಗಳನ್ನು ಒರೆಸಿಕೊಂಡು ಜನ ನಮ್ಮನ್ನೇ ನೋಡುತ್ತಿದ್ದರು. ಒಬ್ಬ ಅಜ್ಜಿ ಅಂಗೈಯನ್ನು ಕಿಟಕಿಗೆ ಒತ್ತಿ ಹಿಡಿದಿದ್ದಳು, ನಮ್ಮ ಗಾಜು ಬೀಳದಂತೆ ತಡೆಯುವ ಹಾಗೆ. ಇಷ್ಟು ದೊಡ್ಡ ಊರು ನಮಗಾಗಿ ಉಸಿರು ಬಿಗಿಹಿಡಿದಿತ್ತು. ನನಗೆ ಅಳು ಬಂತು; ಮಳೆಯಲ್ಲಿ ಯಾರಿಗೆ ಗೊತ್ತಾಗುತ್ತದೆ?

ಒಂಬತ್ತನೇ ಮಹಡಿಯಲ್ಲಿ ಚೌಕಟ್ಟಿಗೆ ಗಾಜು ಕೂತಾಗ ಅಕ್ಕನ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಮಗುವಿನ ಉಸಿರು ಕೇಳಿಸಿತು. ಭಾವ ನೆಲದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ ಬಾಗಿಲಾಚೆ ಹೋಗಿ ನಿಂತರು.

"ಇನ್ನಾದ್ರೂ ಬನ್ನಿ, ಎತ್ಕೊಳ್ಳಿ," ಎಂದಳು ಅಕ್ಕ.

"ಈ ಬಟ್ಟೇಲಾ?"

ನರ್ಸಮ್ಮ ಭಾವನನ್ನು ಬಚ್ಚಲಿಗೆ ಅಟ್ಟಿ, ಒಗೆದ ನಿಲುವಂಗಿ ತೊಡಿಸಿಯೇ ಕರೆತಂದರು. ಆಮೇಲೆ ತಾವೇ ಮಗುವನ್ನು ಎತ್ತಿ ಎರಡೂ ಕೈಯಲ್ಲಿ ಭಾವನ ಮುಂದೆ ಹಿಡಿದರು.

"ಈಗೇನು ನೆಪ ಹೇಳ್ತೀರಿ, ಹೇಳಿ. ತಗೊಳ್ಳಿ."

ಭಾವ ಮಗುವಿನ ಮುಖ ನೋಡಿದರು. ತಮ್ಮ ಕೈ ನೋಡಿಕೊಂಡರು. ಸೇತುವೆಯ ಮೇಲೆ ಅಲುಗದ ಕೈಗಳು ಗಡಗಡ ನಡುಗುತ್ತಿದ್ದವು. ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ," ಎಂದರು.