ಬುಟ್ಟಿ ಅಳೆಯುವಷ್ಟರಲ್ಲಿ ಓದಿ ಮುಗಿಯುವ ಪತ್ರ

ಪಾಲಿಬೆಟ್ಟದ ಬಳಿಯ ಒಂದು ಕಾಫಿತೋಟದ ಶಾಲೆಯಲ್ಲಿ ತಂದೆತಾಯಂದಿರ ಸಂಘವಿತ್ತು. ಕಾರ್ಯದರ್ಶಿ ಪೂವಯ್ಯನವರು ತಿಂಗಳಿಗೊಮ್ಮೆ ವಾರ್ತಾಪತ್ರ ಬರೆದು ಮನೆಮನೆಗೆ ಕಳುಹಿಸುತ್ತಿದ್ದರು. ಅಕ್ಷರ ಬಹಳ ಚೆಂದ. ಆದರೆ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಅದು ಎಲೆಅಡಿಕೆ ಕಟ್ಟುವುದಕ್ಕೆ ಹೋಗುತ್ತಿತ್ತು.

ಶನಿವಾರ ನಾಲ್ಕನೆಯ ತರಗತಿಯ ಪರೀಕ್ಷೆ. ಮಡಿಕೇರಿಯಿಂದ ಶಾಲಾ ಇನ್‌ಸ್ಪೆಕ್ಟರರು ಬರುವವರಿದ್ದರು. ಅದೇ ವಾರ ಆ ತರಗತಿಯ ಜಾಣೆ ಹುಡುಗಿ ಮುದ್ದಿ ಶಾಲೆಗೆ ಬರುವುದನ್ನು ಬಿಟ್ಟಳು. ಉಪಾಧ್ಯಾಯಿನಿ ಶಕುಂತಲಮ್ಮ ಪೂವಯ್ಯನವರನ್ನು ಕರೆದುಕೊಂಡು ಸಂಜೆ ಕಾಫಿಹಣ್ಣು ಅಳೆಯುವ ಕಣಕ್ಕೆ ಹೋದರು. ಕೊಯ್ಲಿನ ದಿನಗಳಲ್ಲಿ ಎಲ್ಲರೂ ಅಲ್ಲಿ ಬುಟ್ಟಿಯೊಡನೆ ಸರದಿ ಕಾಯುತ್ತಾರೆ. ಮುದ್ದಿಯೂ ತಂದೆ ಚೋಮನ ಪಕ್ಕದಲ್ಲಿ ನಿಂತಿದ್ದಳು.

“ಪರೀಕ್ಷೆ ಅಂತ ಪತ್ರದಲ್ಲಿ ಬರ್ದಿದ್ದೆನಲ್ಲ ಚೋಮ!” ಎಂದರು ಪೂವಯ್ಯ.

“ಪತ್ರ ಬಂತು ಅಯ್ಯ. ಮಗಳು ಓದಿದ್ಳು. ಅದ್ರಲ್ಲಿದ್ದ ಸಂಘದ ಅಧ್ಯಕ್ಷರ ಭಾಷಣ ಮುಗಿಯೋ ಮುಂಚೆ ನಂಗೆ ನಿದ್ದೆ ಬಂತು.”

“ಭಾಷಣ ಇಲ್ಲದಿದ್ರೂ ಇವ್ರಿಗೆ ಬರುತ್ತೆ” ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ ಸಿದ್ದಿ. ಎಲ್ಲರೂ ನಕ್ಕರು.

ಶಕುಂತಲಮ್ಮ ನಗಲಿಲ್ಲ. “ಪರೀಕ್ಷೆ ಮಾತು ಪತ್ರದಲ್ಲಿ ಎಲ್ಲಿತ್ತು ಪೂವಯ್ಯನೋರೆ?”

“ಕೊನೇಲಿ. ಸ್ವಾಗತ, ಭಾಷಣ, ವಂದನೆ ಎಲ್ಲ ಬಿಟ್ರೆ ಸಂಘಕ್ಕೆ ಮರ್ಯಾದೆ ಇರುತ್ತೇನಮ್ಮ?”

“ಪತ್ರ ಅಧ್ಯಕ್ಷರಿಗೋ, ಅಪ್ಪ ಅಮ್ಮನಿಗೋ? ಏನು ಮಾಡ್ಬೇಕು ಅಂತ ಮೊದಲ್ನೇ ಸಾಲಲ್ಲೇ ಹೇಳಿ. ಯಾವ ದಿನ, ಯಾಕೆ, ಯಾರನ್ನ ಕೇಳ್ಬೇಕು, ಅಷ್ಟು ಸಾಕು. ಇಲ್ಲೇ ಓದ್ಸಿ. ಒಬ್ರ ಬುಟ್ಟಿ ಅಳೆಯೋಷ್ಟ್ರಲ್ಲಿ ಮುಗೀಬೇಕು.”

ಪೂವಯ್ಯ ಮುಖ ಗಂಟಿಕ್ಕಿಕೊಂಡೇ ಅಲ್ಲಿ ಕುಳಿತು ಬರೆದರು. ಮುದ್ದಿ ಗಟ್ಟಿಯಾಗಿ ಓದಿದಳು:

“ಶನಿವಾರ ಬೆಳಿಗ್ಗೆ ನಾಲ್ಕನೆಯ ತರಗತಿಯ ಮಕ್ಕಳನ್ನು ಶಾಲೆಗೆ ಕಳುಹಿಸಿ. ಪರೀಕ್ಷೆ ಇದೆ. ತಪ್ಪಿದರೆ ಒಂದು ವರ್ಷ ಹೋಗುತ್ತದೆ. ಸಂದೇಹವಿದ್ದರೆ ಶಕುಂತಲಮ್ಮನವರನ್ನು ಕೇಳಿ.”

ಮುಂದಿದ್ದವನ ಬುಟ್ಟಿ ಇನ್ನೂ ಖಾಲಿಯಾಗಿರಲಿಲ್ಲ.

“ಒಂದು ವರ್ಷವಾ?” ಚೋಮ ಮಗಳತ್ತ ತಿರುಗಿದ. “ನೀನ್ಯಾಕೆ ಹೇಳ್ಲಿಲ್ಲ?”

“ಪರೀಕ್ಷೆ ಇದೆ ಅಂತ ನಾನು ಹೇಳ್ದೆ. ನೀನೇ ಹಣ್ಣಿನ ಪಿಕ್ಕಿಂಗ್ ಮುಗೀಲಿ ಅಂದೆಯಲ್ಲ ಅಪ್ಪ.”

ಚೋಮ ಅವಳ ಸೊಂಟಕ್ಕೆ ಕಟ್ಟಿದ್ದ ಹಣ್ಣು ಕೊಯ್ಯುವ ಚೀಲವನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. “ನಾಳೆಯಿಂದ ಶಾಲೆಗೆ ನಡಿ. ಹಣ್ಣು ನಾವು ಕೊಯ್ತೀವಿ.”

ಶನಿವಾರ ಮುದ್ದಿ ಪರೀಕ್ಷೆಗೆ ಕುಳಿತಳು. ಆ ಲೈನಿನ ಬೇರೆ ಮಕ್ಕಳೂ ಬಂದಿದ್ದರು.

ತಂದೆತಾಯಂದಿರೇ, ನಿಮ್ಮ ಸಂಘವೂ ಪತ್ರ ಬರೆಯಲಿ. ಚಿಕ್ಕದಾಗಿ ಬರೆಯಿರಿ, ಅಗತ್ಯವಾದುದನ್ನು ಮೊದಲು ಬರೆಯಿರಿ. ಜನ ಸೇರುವ ಕಡೆ ಓದಿಸಿರಿ, ಅವರ ಮಾತನ್ನೂ ಕೇಳಿರಿ. ಇದನ್ನು ಬರೆಯುತ್ತಿರುವ ನಾವು, ನಮ್ಮದೇ ಮಗುವನ್ನು ಮಣ್ಣಿಗೆ ಕೊಟ್ಟ ಮನೆಯವರು, ಕೈಮುಗಿದು ಹೇಳುತ್ತೇವೆ: ಭಗವಂತನು ನಿಮ್ಮ ಮಡಿಲಲ್ಲಿ ಇನ್ನೂ ಉಳಿಸಿರುವ ಮಗುವಿಗೆ ತಲುಪಬೇಕಾದ ಮಾತನ್ನು ಕೊನೆಯ ಪುಟಕ್ಕೆ ತಳ್ಳಬೇಡಿರಿ.