ತೊಳೆದ ನೀರಿನ ಬಣ್ಣ

ನನ್ನಿಂದ ಹುಳಿ ವಾಸನೆ ಬರುತ್ತದೆಯೇ ಎಂಬುದು ಈ ವರ್ಷದ ನನ್ನ ದೊಡ್ಡ ಚಿಂತೆ. ಬಸ್ಸಿನಲ್ಲಿ ಪಕ್ಕದವರು ಕಿಟಕಿಯ ಕಡೆ ಮುಖ ತಿರುಗಿಸಿದರೆ ಸಾಕು, ನನ್ನ ತೋಳನ್ನೇ ಮೂಸಿಕೊಳ್ಳುತ್ತೇನೆ. ಅಕ್ಕನಿಗಂತೂ ದಾಕ್ಷಿಣ್ಯವಿಲ್ಲ. ನಾನಿನ್ನೂ ಚಪ್ಪಲಿ ಬಿಡುತ್ತಿರುವಾಗಲೇ, "ಅಮ್ಮಾ, ಬಂದ್ಲು ನೋಡು ವಿನೆಗರ್ ಬಾಟ್ಲಿ," ಎಂದು ಒಳಗಿನಿಂದ ಕೂಗುತ್ತಾಳೆ.

ತಪ್ಪು ಬ್ಯಾಕ್ಟೀರಿಯಾಗಳದ್ದು. ನಮ್ಮ ಪ್ರಯೋಗಾಲಯದಲ್ಲಿ ಅಗಲವಾದ ತಟ್ಟೆಗಳಲ್ಲಿ ಸಕ್ಕರೆ ನೀರು ಕೊಟ್ಟು ಅವನ್ನು ಸಾಕುತ್ತೇವೆ. ಹತ್ತು ದಿನದಲ್ಲಿ ಅವು ನೀರನ್ನು ಹುಳಿ ಮಾಡುತ್ತಾ ಅದರ ಮೇಲೆ ಕೆನೆಯಂಥ ಪದರವೊಂದನ್ನು ನೇಯುತ್ತವೆ. ಅದು ಸೆಲ್ಯುಲೋಸ್, ಹತ್ತಿಯಲ್ಲಿರುವುದೂ ಅದೇ, ಇಲ್ಲಿ ಎಳೆ ಬಹಳ ಸಣ್ಣದು, ಅಷ್ಟೆ. ಗಾಯದ ಮೇಲೆ ಹಾಕಿದರೆ ತೇವ ಆರಲು ಬಿಡದೆ, ಕೆಳಗೆ ಹೊಸ ಚರ್ಮ ಬೆಳೆಯಲು ಬಿಡುತ್ತದೆ. ಅದಕ್ಕೆ ಮೊದಲು ಪದರವನ್ನು ಕಾಸ್ಟಿಕ್ ಸೋಡಾ ಎಂಬ ಚರ್ಮ ಸುಡುವ ಕ್ಷಾರದಲ್ಲಿ ಕುದಿಸಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಕು. ಆಮೇಲೆ ಆ ಸೋಡಾ ಹೋಗುವ ತನಕ ಮೂರು ದಿನ ನೀರು ಬದಲಿಸುತ್ತಾ ತೊಳೆಯಬೇಕು. ತೊಳೆಯುವುದು ನನ್ನ ಕೆಲಸ. ಗೌನು ತೊಟ್ಟು ಪದವಿ ಪಡೆದು ಮನೆಮಂದಿಯೊಂದಿಗೆ ಫೋಟೋ ತೆಗೆಸಿಕೊಂಡದ್ದು ಇದಕ್ಕೇ.

ನನ್ನ ಮೇಲಧಿಕಾರಿಗೆ ನಾನು ಡೈರಿಯಲ್ಲಿ ಇಟ್ಟಿರುವ ಹೆಸರು ಮೈಕು. ಅವನು ತಟ್ಟೆಗೆ ಕೈ ಹಾಕಿ ವರ್ಷವಾಗಿರಬೇಕು. ಬಾಯಿಗೆ ಮಾತ್ರ ರಜೆಯಿಲ್ಲ. "ನಮ್ಮ ಪದರ" ಎನ್ನುವಾಗ ಅಂಗೈಯನ್ನು ಎದೆಯ ಮೇಲಿಟ್ಟುಕೊಳ್ಳುತ್ತಾನೆ, ತಾನೇ ಹೆತ್ತವನ ಹಾಗೆ.

ಗುರುವಾರ ಬರಬೇಕಿದ್ದ ಪರಿಶೀಲನಾ ಸಮಿತಿ ಮಂಗಳವಾರವೇ ಬರುತ್ತೇವೆಂದಿತು. ಆಸ್ಪತ್ರೆಯಲ್ಲಿ ರೋಗಿಯ ಗಾಯಕ್ಕೆ ಪದರ ಹಾಕುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು. ಪದರ ನೀರಿಗೆ ಬಿದ್ದು ಆಗಿನ್ನೂ ಒಂದೇ ದಿನ. ಮಂಗಳವಾರ ಬೆಳಿಗ್ಗೆ ಮೈಕು ಬಂದವನೇ ತೊಟ್ಟಿಯ ಹಳೆ ನೀರು ಚೆಲ್ಲಿ, ಕ್ಯಾನಿನಿಂದ ಹೊಸ ನೀರು ಸುರಿದು, ತಕ್ಷಣ ಪರೀಕ್ಷೆಯ ಕಾಗದ ಅದ್ದಿ ಎತ್ತಿದ.

"ನೋಡು, ಹಸಿರು. ಕ್ಷಾರ ಹೋಯ್ತು. ಪ್ಯಾಕ್ ಮಾಡು."

"ಸರ್, ಅದು ಈಗ ಹಾಕಿದ ನೀರು..."

"ಏನು? ಗಂಟಲೊಳಗೇ ಮಾತಾಡಿದ್ರೆ ನಂಗೆ ಹೇಗಮ್ಮಾ ಕೇಳ್ಬೇಕು?"

"ಏನಿಲ್ಲ ಸರ್."

ಈಗಷ್ಟೇ ಸುರಿದ ನೀರು ಹಸಿರು ತೋರಿಸದೆ ಇನ್ನೇನು ತೋರಿಸುತ್ತದೆ? ಸೋಡಾ ಇರುವುದು ಪದರದ ಒಳಗೆ. ಅದು ನೀರಿಗೆ ಇಳಿದು ಬರಲು ಗಂಟೆಗಟ್ಟಲೆ ಬೇಕು. ಸೋಪು ಹಚ್ಚಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಒಂದು ಸಲ ಅದ್ದಿ ತೆಗೆದರೆ ಸೋಪು ಹೋಗುವುದಿಲ್ಲವೆಂದು ನಮ್ಮಕ್ಕನಿಗೂ ಗೊತ್ತು. ಮೈಕು ಡಾಕ್ಟರೇಟ್ ಮಾಡಿದ್ದಾನೆ.

ಅವನು ಹೋದ ಮೇಲೆ ಪದರದ ಮೂಲೆಯೊಂದನ್ನು ಕತ್ತರಿಸಿ ಪರೀಕ್ಷೆಯ ಕಾಗದದ ಮೇಲೆ ಒತ್ತಿದೆ. ಶಾಯಿ ಚೆಲ್ಲಿದಂತೆ ಕಡುನೀಲಿ, ಅಂದರೆ ಕ್ಷಾರ ಹಾಗೇ ಇದೆ. ಆ ಚೂರು ಕಾಗದವನ್ನು ಡೈರಿಯಲ್ಲಿ ಅಂಟಿಸಿ, ಕೆಳಗೆ ಮೈಕನ್ನು ಎರಡು ಪುಟ ಬೈದೆ. ಬೈಗುಳ ಸೊಗಸಾಗಿಯೇ ಬಂತು. ಆಮೇಲೆ, ಅಷ್ಟೇ ಅಚ್ಚುಕಟ್ಟಾಗಿ, ಪದರವನ್ನು ಪ್ಯಾಕ್ ಮಾಡಿ, ಕ್ರಿಮಿ ಸಾಯಲೆಂದು ಹಬೆಯಲ್ಲಿಟ್ಟು, ಲೇಬಲ್ ಅಂಟಿಸಿದೆ. ಮೈಕಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಕೀಳು ಎಂಬುದನ್ನು ಡೈರಿಯಲ್ಲಿ ಬರೆಯಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ಮಂಚದ ಮೇಲೆ ಒಬ್ಬ ಮುದುಕ ದರ್ಜಿ ಕಾಲು ಚಾಚಿ ಕೂತಿದ್ದರು. ಹಿಮ್ಮಡಿಯಲ್ಲಿ ನಾಣ್ಯದಗಲದ ಹುಣ್ಣು. ಒಪ್ಪಿಗೆ ಪತ್ರಕ್ಕೆ ಅವರು ಸಹಿ ಮಾಡಿಯಾಗಿತ್ತು. ನನ್ನ ಕೈಯಲ್ಲಿದ್ದ ಪ್ಯಾಕೆಟ್ಟಿನ ಮೇಲೆ ಅವರ ಕಣ್ಣು ಬಿತ್ತು.

"ಏನಮ್ಮ, ಇದನ್ನ ನೀನೇ ನೇಯ್ದಿದ್ದಾ?"

"ಇಲ್ಲ ತಾತ, ಬ್ಯಾಕ್ಟೀರಿಯಾ."

"ಮಗ್ಗ ಇಲ್ಲ, ಸೂಜಿ ಇಲ್ಲ, ಬಟ್ಟೆ ರೆಡಿ. ನಮ್ಮಂಥೋರ ಹೊಟ್ಟೆ ಮೇಲೆ ಹೊಡೀತೀರಾ ಬಿಡಿ," ಎಂದು ನಕ್ಕರು.

ಡಾಕ್ಟರು ಕೈಗವಸು ಏರಿಸಿಕೊಳ್ಳುತ್ತಾ, "ಉರಿ ಗಿರಿ ಆದ್ರೆ ತಕ್ಷಣ ಹೇಳ್ಬೇಕು ತಾತ," ಎಂದರು.

"ಉರಿನಾ? ಸಕ್ಕರೆ ಕಾಯಿಲೆ ಬಂದ ಮೇಲೆ ಈ ಕಾಲು ನಂದೋ ಪಕ್ಕದ ಮನೆಯವನದ್ದೋ ಅನ್ನೋದೇ ತಿಳಿಯಲ್ಲ. ಸೂಜಿ ಮುರಿದು ಇಲ್ಲಿ ಎಂಟು ದಿನ ಕೂತಿತ್ತು. ಮೊಮ್ಮಗಳು ರಕ್ತ ನೋಡಿ ಹೇಳಿದ ಮೇಲೇ ನಂಗೆ ಗೊತ್ತಾಗಿದ್ದು."

ಎಲ್ಲರೂ ನಕ್ಕರು. ಈ ಮನುಷ್ಯನಿಗೆ ಉರಿಯುವುದಿಲ್ಲ. ಸೋಡಾ ಮಾಂಸವನ್ನು ತಿನ್ನುತ್ತಿರುತ್ತದೆ, ಇವರು ತಮಾಷೆ ಮಾಡುತ್ತಾ ಕೂತಿರುತ್ತಾರೆ. ಹುಣ್ಣು ದೊಡ್ಡದಾದರೆ ಮೈಕಿನ ಬಳಿ ಉತ್ತರ ಸಿದ್ಧ: ರೋಗಿಗೆ ಸಕ್ಕರೆ ಜಾಸ್ತಿಯಿತ್ತು.

ಅವನ ಭಾಷಣ ಆಗಲೇ ಶುರುವಾಗಿತ್ತು. "ಶುದ್ಧತೆ ವಿಷಯದಲ್ಲಿ ನಾವು ಯಾವತ್ತೂ ರಾಜಿ ಆಗಲ್ಲ." ಸಮಿತಿಯ ಮೂವರಲ್ಲಿ ಒಬ್ಬರು ತಲೆಯಾಡಿಸುತ್ತಿದ್ದರು, ಒಬ್ಬರು ಗಡಿಯಾರ ನೋಡುತ್ತಿದ್ದರು, ಇನ್ನೊಬ್ಬರು ಮೊಬೈಲಿನಲ್ಲಿ ಮದುವೆ ಫೋಟೋಗಳನ್ನು ಸರಿಸುತ್ತಿದ್ದರು. ಪರಿಶೀಲನೆ ಎಂದರೆ ಇದು. "ಇವಳು ನಮ್ಮ ಹುಡುಗಿ," ಮೈಕು ನನ್ನತ್ತ ಕೈ ತೋರಿಸಿದ. "ಮಾತು ಕಡಿಮೆ, ಕೆಲಸ ಜಾಸ್ತಿ. ಅದಕ್ಕೇ ಇಟ್ಕೊಂಡಿದೀನಿ."

ಡಾಕ್ಟರು ನನ್ನ ಕೈಯಿಂದ ಪ್ಯಾಕೆಟ್ಟು ತೆಗೆದುಕೊಂಡು ಹರಿದರು. ಚಿಮಟದ ತುದಿಯಲ್ಲಿ ಪದರ ಬೆಳ್ಳಗೆ, ನಿರಪರಾಧಿಯಂತೆ ತೂಗಾಡಿತು. ಹಿಮ್ಮಡಿಗೂ ಅದಕ್ಕೂ ಒಂದು ಗೇಣು.

ನನ್ನ ದನಿ ಬೇಕಾದ್ದಕ್ಕಿಂತ ಮೇಲಕ್ಕೆ ಹೋಗಿ, ಕಿರುಚಿದ ಹಾಗೆ ಬಂತು. ವಾರ್ಡಿನ ಆ ಕೊನೆಯ ಮಂಚದವರೂ ತಿರುಗಿ ನೋಡಿದರು.

"ಹಾಕ್ಬೇಡಿ ಡಾಕ್ಟ್ರೇ. ಅದರಲ್ಲಿ ಸೋಡಾ ಹಾಗೇ ಇದೆ. ಬೆಳಿಗ್ಗೆಯಿಂದ ನಂಗೆ ಗೊತ್ತಿತ್ತು."